ತುರಿಸದ ಸೊಪ್ಪು

ನಮ್ಮ ಶಾಲೆಯಲ್ಲಿ ಬಿಸಿಯೂಟದ ಗಂಟೆ ಸರಿಯಾದ ಹೊತ್ತಿಗೆ ಹೊಡೆದದ್ದು ನನಗೆ ನೆನಪಿಲ್ಲ. ಅಡುಗೆ ಆಗಿರುತ್ತಿತ್ತು, ಮಕ್ಕಳು ತಟ್ಟೆ ಹಿಡಿದು ಜಗಲಿಯಲ್ಲಿ ಸಾಲಾಗಿ ಕೂತಿರುತ್ತಿದ್ದರು, ಸಾಂಬಾರಿನ ಪರಿಮಳ ನನ್ನ ಗಣಿತದ ತರಗತಿಗೂ ನುಗ್ಗಿ ಭಿನ್ನರಾಶಿಗಳನ್ನೆಲ್ಲ ಕೆಡಿಸಿರುತ್ತಿತ್ತು. ಆದರೆ ಗಂಟೆ ಮಾತ್ರ ಇಲ್ಲ. ಟೀಚರ್ ಇನ್ನೂ ಕಾಯುತ್ತಿದ್ದಾರೆ ಎಂದು ಅರ್ಥ.

ಮಕ್ಕಳಿಗೆ ಬಡಿಸುವ ಮೊದಲು ಅಧ್ಯಾಪಕರೊಬ್ಬರು ತಿಂದು ನೋಡಬೇಕು ಎಂಬುದು ಎಲ್ಲ ಶಾಲೆಗಳಲ್ಲೂ ಇರುವ ಕ್ರಮ. ನಾವಾದರೆ ಅಂಗೈಗೆ ಸ್ವಲ್ಪ ಸಾಂಬಾರು ಹಾಕಿಸಿಕೊಂಡು ನೆಕ್ಕಿ, ಉಪ್ಪು ಸರಿ ಇದೆ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆವು. ಟೀಚರ್ ಮಾತ್ರ ಒಂದು ತಟ್ಟೆ ಅನ್ನವನ್ನು ಪೂರ್ತಿ ಉಂಡು, ಗಂಟೆ ನೇತುಹಾಕಿದ ಕಂಬದ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ತಮ್ಮ ಹೊಟ್ಟೆ ಏನಾದರೂ ತಕರಾರು ಹೇಳುತ್ತದೆಯೋ ಎಂದು ಕೇಳಿಸಿಕೊಳ್ಳುವ ಕೂರುವಿಕೆ ಅದು.

"ಟೀಚರೇ, ಮಕ್ಕಳಿಗೆ ಹಸಿವಾಗ್ತದೆ ಮಾರಾಯ್ರೆ, ಗಂಟೆ ಹೊಡೆಯಿರಿ" ಎಂದು ನಾನು ರೇಗುತ್ತಿದ್ದೆ. ಮಕ್ಕಳ ಹೆಸರು ಹೇಳಿದರೂ ಹಸಿವು ನನ್ನದೇ.

"ಹಸಿವೆಯಲ್ಲಿ ಇಷ್ಟು ಬೇಗ ಯಾರೂ ಸಾಯುದಿಲ್ಲ ಮಾಷ್ಟ್ರೆ" ಎಂದು ಅವರು ಕಣ್ಣು ತೆರೆಯದೆಯೇ ಹೇಳುತ್ತಿದ್ದರು. "ಬೇರೆಯವರ ಬಾಯಿಗೆ ಹಾಕುದು ಅಂದ್ರೆ ತಮಾಷೆ ಅಲ್ಲ."

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಶಾಲೆ ಇದ್ದ ಇಚಿಲಂಪಾಡಿಯ ಸುತ್ತಮುತ್ತ ಟೀಚರ್ ಎಂದರೆ ಅವರೇ, ಉಳಿದವರೆಲ್ಲ ಹೆಸರಿರುವ ಟೀಚರುಗಳು. ಹುಟ್ಟಿದ್ದು ಕಡಲ ಕರೆಯಲ್ಲಿ, ನೇತ್ರಾವತಿ ಸಮುದ್ರಕ್ಕೆ ಸೇರುವ ಅಳಿವೆಯ ಪಕ್ಕದ ಹಳ್ಳಿಯೊಂದರಲ್ಲಿ. ನಮ್ಮ ಶಾಲೆಗೆ ಜೀವಶಾಸ್ತ್ರ ಕಲಿಸಲು ಬಂದವರು ಹಿಂತಿರುಗಿ ಹೋಗಲೇ ಇಲ್ಲ. ಮದುವೆ ಆಗಲಿಲ್ಲ, ಯಾಕೆಂದು ಕೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ. ಕುಳ್ಳಗಿನ ಹೆಂಗಸು, ಹೆಗಲಲ್ಲಿ ಬಟ್ಟೆಯ ಚೀಲ, ಅದರೊಳಗೆ ಪಾಠದ ಪುಸ್ತಕದ ಜೊತೆ ಸೊಪ್ಪು ಕೊಯ್ಯಲು ಒಂದು ಮೆಟ್ಟುಕತ್ತಿಯ ತುಂಡು. ದಾರಿಯಲ್ಲಿ ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಕಾಲ ಬುಡದಲ್ಲಿರುವ ಸೊಪ್ಪು ಅವರ ಕಣ್ಣಿಗೆ ಬೀಳುತ್ತಿತ್ತು. "ಸ್ವಲ್ಪ ಆಚೆ ನಿಲ್ಲಿ ಮಾಷ್ಟ್ರೆ, ತಿಮರೆ ಮೆಟ್ಟಿದ್ದೀರಿ" ಎಂದು ಒಂದೆಲಗದ ಬಳ್ಳಿಯ ಪರವಾಗಿ ನನ್ನನ್ನು ಎಷ್ಟೋ ಸಲ ಗದರಿದ್ದಾರೆ.

ನಮ್ಮ ಕಡೆ ಸೊಪ್ಪು ತಿನ್ನುವವರಿಗೆಲ್ಲ ಒಂದೇ ಪರೀಕ್ಷೆ ಗೊತ್ತು: ಗಂಟಲು ತುರಿಸುತ್ತದೋ ಇಲ್ಲವೋ. ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುವವರು ಹುಳಿ ಹಾಕುವುದು ಅದಕ್ಕೇ. ತುರಿಸದಿದ್ದರೆ ಗೆದ್ದೆವು, ತುರಿಸಿದರೆ ಮಾಡಿದವರನ್ನು ವರ್ಷವಿಡೀ ಗೇಲಿ ಮಾಡುತ್ತೇವೆ. ಟೀಚರ್ ಈ ಪರೀಕ್ಷೆಯನ್ನು ಶಾಸ್ತ್ರದಂತೆ ನಡೆಸುತ್ತಿದ್ದರು. ಹೊಸ ಸೊಪ್ಪು ಸಿಕ್ಕಿದರೆ ಮೊದಲು ಮಣಿಕಟ್ಟಿನ ಒಳಬದಿಗೆ ತಿಕ್ಕಿ ನೋಡುವುದು, ಆಮೇಲೆ ನಾಲಿಗೆಯ ತುದಿಗೆ, ಆಮೇಲೆ ಬೇಯಿಸಿ ಒಂದು ತುತ್ತು, ಮರುದಿನ ಒಂದು ಬಟ್ಟಲು. ತಾವು ಸರಿ ಇದ್ದರೆ ಮಾತ್ರ ಬೇರೆಯವರಿಗೆ. "ನಾಲಿಗೆ ಸುಳ್ಳು ಹೇಳುದಿಲ್ಲ" ಎನ್ನುವುದು ಅವರ ಬಾಯಲ್ಲಿ ಯಾವಾಗಲೂ ಇದ್ದ ಮಾತು.

ಈ ಮಾತಿಗೆ ಊರಿನಲ್ಲಿ ಬೆಲೆ ಬಂದದ್ದು ಆಟಿ, ಅಂದರೆ ಆಷಾಢ ತಿಂಗಳ ಒಂದು ಅಮಾವಾಸ್ಯೆಯಂದು. ಆ ದಿನ ಬರಿಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕ್ರಮ. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಹಾಗಾಗಿ ಯಾವ ಮರ ಎಂದು ನೋಡುವಷ್ಟು ಬೆಳಕಿರುವುದಿಲ್ಲ. ನಮ್ಮ ಡ್ರಿಲ್ ಮಾಷ್ಟ್ರು ಬಲು ಹುರುಪಿನಿಂದ ಎಲ್ಲರಿಗೂ ಸಾಲುವಷ್ಟು ಕಷಾಯವನ್ನು ಫ್ಲಾಸ್ಕಿನಲ್ಲಿ ತಂದಿದ್ದರು. ನಾವು ಲೋಟ ಹಿಡಿದಾಗಿತ್ತು. ಟೀಚರ್ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿ, ಕಿಟಕಿಯಿಂದ ಹೊರಗೆ ಉಗಿದು, "ಯಾರೂ ಕುಡಿಬೇಡಿ. ಇದು ಹಾಲೆ ಅಲ್ಲ, ಕಾಸರಕ" ಎಂದರು. ಎರಡೂ ಕಹಿಯೇ, ಆದರೆ ಕಾಸರಕ ಕುಡಿದವರು ಉಳಿಯುವುದು ಕಷ್ಟ. ಡ್ರಿಲ್ ಮಾಷ್ಟ್ರು ಆ ದಿನವಿಡೀ ವಿಸಿಲ್ ಊದಲಿಲ್ಲ.

ಅಂದಿನಿಂದ ಯಾವ ಮನೆಯಲ್ಲಿ ಯಾವ ಹೊಸ ಸೊಪ್ಪು ತಂದರೂ "ಟೀಚರ್ ತಿಂದಿದ್ದಾರಾ?" ಎಂದು ಕೇಳುವುದು ರೂಢಿಯಾಯಿತು. ತಿಂದಿದ್ದಾರೆ ಎಂದರೆ ಮುಗಿಯಿತು, ಮುಂದೆ ಪ್ರಶ್ನೆಯಿಲ್ಲ.

ನಾವಿಬ್ಬರೂ ಒಂದೇ ವರ್ಷ ನಿವೃತ್ತರಾದೆವು. ನಾನು ಪುತ್ತೂರಿಗೆ ಬಂದು ಮನೆ ಮಾಡಿದೆ. ಅವರು ಅಲ್ಲೇ ಉಳಿದು, ಆಗಾಗ ಅಳಿವೆಯ ಬದಿಯಲ್ಲಿದ್ದ ತಂಗಿಯ ಮನೆಗೆ ಹೋಗಿಬರುತ್ತಿದ್ದರು. ಅಲ್ಲಿ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಕಡಲ ಸೊಪ್ಪನ್ನು ತಂಗಿಯ ಗಂಡ ಗೋರಿ ತಂದು ತೆಂಗಿನ ಬುಡಕ್ಕೆ ಹಾಕುವುದಿತ್ತು. ತಿನ್ನುವುದೆಂದರೆ ಆ ಊರಿನವರಿಗೇ ನಗು. ಆದರೆ ಟೀಚರ್ ಪತ್ರಿಕೆಯಲ್ಲಿ ಓದಿದ್ದರು: ಕಡಲ ಸೊಪ್ಪಿನಲ್ಲಿ ಅಯೋಡಿನ್ ಇದೆ, ಕಬ್ಬಿಣ ಇದೆ, ಎಷ್ಟೋ ದೇಶಗಳಲ್ಲಿ ಅದು ದಿನನಿತ್ಯದ ಊಟ. ಘಟ್ಟದ ಬುಡದ ನಮ್ಮ ಊರುಗಳಲ್ಲಿ ಅಯೋಡಿನ್ ಸಾಲದೆ ಗಂಟಲು ಬಾತ ಹೆಂಗಸರನ್ನು ನೋಡಿ ನೋಡಿ ಅವರಿಗೆ ಅದೊಂದು ಕೊರಗು. ಒಂದು ಮಳೆಗಾಲ ಪೂರ್ತಿ ತಾವೊಬ್ಬರೇ ತಿಂದರು. ತುರಿಸಲಿಲ್ಲ, ಹೊಟ್ಟೆ ಕೆಡಲಿಲ್ಲ, ಮೈ ಹಗುರಾಗಿದೆ ಎಂದರು. ಆಮೇಲೆ ಒಣಗಿಸಿ, ಹುರಿದು, ತೆಂಗಿನಕಾಯಿ ಮೆಣಸು ಹಾಕಿ ಕಪ್ಪಗಿನ ಒಂದು ಚಟ್ನಿಪುಡಿ ಮಾಡಿದರು. "ತೆಂಗಿನ ಗೊಬ್ಬರ ತಿನ್ನುವ ಟೀಚರನ್ನು ನೋಡಿದ್ದು ಇದೇ ಮೊದಲು" ಎಂದು ನಾನು ಚೇಷ್ಟೆ ಮಾಡಿದ್ದೆ. ತಿಂದು ನೋಡಿದ ಮೇಲೆ ಬಾಯಿ ಮುಚ್ಚಿದೆ, ಪುಡಿ ಅಷ್ಟು ರುಚಿಯಾಗಿತ್ತು.

ಆ ವರ್ಷ ನನ್ನ ಮಗಳು ಚೊಚ್ಚಲ ಬಸುರಿ. ಅವಳೂ ಟೀಚರ ವಿದ್ಯಾರ್ಥಿನಿಯೇ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಬೇಗನೇ ನಮ್ಮ ಮನೆಗೆ ಕರೆತಂದಿದ್ದೆವು. ನೀರು ಕುಡಿದರೂ ವಾಂತಿ, ಔಷಧ ಕುಡಿದರೂ ವಾಂತಿ. ನನ್ನ ಹೆಂಡತಿ ಅತ್ತು ಅತ್ತು ಸೋತಿದ್ದಳು. ಟೀಚರ್ ಬಂದು ಒಂದು ಬಟ್ಟಲು ಗಂಜಿಗೆ ಆ ಕಪ್ಪು ಪುಡಿ ಕಲಸಿ, ಮೊದಲು ಒಂದು ಚಮಚ ತಾವು ತಿಂದು, "ನಾನು ತಿಂದು ನೋಡಿದ್ದೇನೆ. ತಿನ್ನು ಮಗಾ" ಎಂದು ಅವಳ ಕೈಗೆ ಕೊಟ್ಟರು. ಅದೊಂದು ನಿಂತಿತು. ಅಲ್ಲಿಂದ ಮುಂದೆ ಅವಳಿಗೆ ಗಂಜಿಗೂ ಅದೇ, ದೋಸೆಗೂ ಅದೇ. ಮುಖದಲ್ಲಿ ಬಣ್ಣ ಬಂತು. ಟೀಚರಿಗೆ ನಮ್ಮ ಮನೆಯವರೆಲ್ಲ ಕೈ ಮುಗಿಯುವುದೊಂದು ಬಾಕಿ.

ಹೆರಿಗೆಗೆ ಇನ್ನು ಸ್ವಲ್ಪ ದಿನ ಇರುವಾಗ ಒಂದು ಬೆಳಿಗ್ಗೆ ಅವರು ಬಸ್ಸಿಳಿದು ಬಂದು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು.

"ಅವಳನ್ನು ಕರೆಯಿರಿ ಮಾಷ್ಟ್ರೆ. ಅವಳ ಹತ್ತಿರವೇ ಹೇಳ್ಬೇಕು."

ಮಗಳು ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

ಆದದ್ದು ಇಷ್ಟು. ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಟೀಚರ ಮನೆಗೆ ಬಂದಿದ್ದ. ಪುಡಿಯಲ್ಲಿ ಅಯೋಡಿನ್ ಎಷ್ಟಿದೆ ನೋಡಿ ಹೇಳು ಎಂದು ಇವರೇ ಹೆಮ್ಮೆಯಿಂದ ಒಂದು ಪೊಟ್ಟಣ ಕೊಟ್ಟು ಕಳಿಸಿದ್ದರು. ಅವನು ಫೋನು ಮಾಡಿ, ಅಯೋಡಿನ್ ಇದೆ ಟೀಚರ್, ಆದರೆ ಸೀಸವೂ ಇದೆ, ಕ್ಯಾಡ್ಮಿಯಂ ಕೂಡ ಇದೆ, ಎರಡೂ ಇರಬೇಕಾದ್ದಕ್ಕಿಂತ ಜಾಸ್ತಿ, ಯಾರಿಗೂ ಕೊಡಬೇಡಿ, ಬಸುರಿಯರಿಗೂ ಮಕ್ಕಳಿಗೂ ಕೊಡಲೇಬೇಡಿ ಎಂದಿದ್ದ.

"ಕಡಲ ಸೊಪ್ಪೆಲ್ಲ ವಿಷ ಅಲ್ಲ ಮಗಾ" ಎಂದರು ಟೀಚರ್. ಪಾಠ ಮಾಡುವ ಸ್ವರ ತರಲು ನೋಡಿದರು, ಬರಲಿಲ್ಲ. "ಅದು ನೀರಿನಲ್ಲಿ ಇದ್ದದ್ದನ್ನು ಹೀರ್ತದೆ. ಒಳ್ಳೆಯ ನೀರಾದ್ರೆ ಒಳ್ಳೆಯದೇ. ನಮ್ಮ ಬಂಡೆ ಇರುದು ಅಳಿವೆ ಬಾಯಲ್ಲಿ. ಪಕ್ಕದಲ್ಲಿ ದೋಣಿಯ ಬಣ್ಣ ಕೆರೆಯುವ ಜಾಗ ಉಂಟು, ಪೇಟೆಯ ಚರಂಡಿ ಬಂದು ಸೇರ್ತದೆ. ಎಲ್ಲ ನನ್ನ ಕಣ್ಣೆದುರೇ ಇದ್ದದ್ದು. ನೋಡಿಯೂ ನೋಡ್ಲಿಲ್ಲ."

 "ನೀವು ತಿಂದು ನೋಡಿದ್ದೇನೆ ಅಂತ ಹೇಳಿದ್ರಲ್ಲ ಟೀಚರ್" ಎಂದಳು ಮಗಳು.

"ತಿಂದಿದ್ದೆ" ಎಂದರು ಅವರು. "ಅದು ತುರಿಸುದಿಲ್ಲ."

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಅವಳ ಬಾಯಲ್ಲಿ ಟೀಚರ್ ಎಂಬ ಶಬ್ದ ಬರಲಿಲ್ಲ. ಹೇಳಲೇಬೇಕಾಗಿ ಬಂದರೆ "ಅವರು" ಎನ್ನುತ್ತಿದ್ದಳು, ಅಷ್ಟೇ.

ನನಗೂ ಸಿಟ್ಟು ಬಂದಿತ್ತು. ಆದರೂ ಪುಡಿ ಹಂಚಿದ ಮನೆಗಳಿಗೆಲ್ಲ ಹೋಗಿ ವಾಪಸು ತರುತ್ತೇನೆ ಎಂದು ಅವರು ಹೊರಟಾಗ ಒಬ್ಬರನ್ನೇ ಬಿಡಲು ಮನಸ್ಸಾಗದೆ ಜೊತೆಗೆ ಹೋದೆ. ಜನ ಪುಡಿ ಕೊಡಲು ಒಪ್ಪಬೇಕಲ್ಲ! "ನಮಗೆ ಎಂತದೂ ಆಗಲಿಲ್ಲ ಟೀಚರ್, ಇನ್ನು ಸ್ವಲ್ಪ ಇದ್ರೆ ಕೊಡಿ" ಎಂದು ಕೇಳಿದವರೇ ಹೆಚ್ಚು. ಟೀಚರ್ ಅಂಗಳದಲ್ಲೇ ನಿಂತು ಬೇಡುತ್ತಿದ್ದರು: "ಒಂದು ತುತ್ತಿಗೆ ಎಂತದೂ ಆಗುದಿಲ್ಲ. ಎಂತದೂ ಆಗದ್ದೇ ಇದರ ಮೋಸ. ದಿನಾ ತಿಂದದ್ದು ಒಳಗೆ ಕೂತುಕೊಳ್ತದೆ, ಹೋಗುದಿಲ್ಲ." ಅವರ ನಾಲಿಗೆಯನ್ನು ನಂಬಿದ ಊರು ಈಗ ಅವರ ಮಾತನ್ನು ನಂಬಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಗುಂಡ್ಯದಲ್ಲಿ. ಶಿರಾಡಿ ಘಾಟಿ ಹತ್ತುವ ಮೊದಲು ಬಸ್ಸುಗಳು ನಿಲ್ಲುವ ಅಲ್ಲಿನ ಹೋಟೆಲೊಂದರ ಯಜಮಾನನೂ ಅವರ ಹಳೆಯ ವಿದ್ಯಾರ್ಥಿ. ಟೀಚರ್ ಕೊಟ್ಟ ಪುಡಿಯನ್ನು ಅವನು ದೋಸೆಯ ಜೊತೆ ಗಿರಾಕಿಗಳಿಗೆ ಬಡಿಸಿ ಹೆಸರು ಮಾಡಿದ್ದ. ವಿಷಯ ತಿಳಿದು ಅವನೇನೋ ಡಬ್ಬಿ ತಂದು ಕೈಗೆ ಕೊಟ್ಟ. ಟೀಚರ್ ಅಲ್ಲೇ ಬೆಂಚಿನ ಮೇಲೆ ಕೂತರು. ಎದುರಿಗೆ ಒಂದು ಬಸ್ಸು ಜನ ತುಂಬಿಸಿಕೊಂಡು ಘಾಟಿಯ ಕಡೆ ಹೊರಟಿತ್ತು.

"ಆ ಬಸ್ಸಿನವರನ್ನೆಲ್ಲ ಎಲ್ಲಿ ಹುಡುಕುದು ಮಾಷ್ಟ್ರೆ?" ಎಂದರು.

ವಾಪಸು ಬರುವಾಗ ಡಬ್ಬಿ, ಪೊಟ್ಟಣಗಳೆಲ್ಲ ತುಂಬಿದ ಚೀಲ ಅವರ ಮಡಿಲಲ್ಲಿತ್ತು. ಉಪ್ಪಿನಂಗಡಿಯಲ್ಲಿ ಸೇತುವೆಯ ಮೇಲಿಂದ ನೇತ್ರಾವತಿಗೆ ಕುಮಾರಧಾರೆ ಬಂದು ಸೇರುವುದು ಕಂಡಿತು. ದಣಿದಿದ್ದೆ, ತಲೆ ಕೆಟ್ಟಿತ್ತು. "ಅದನ್ನು ಹೊಳೆಗೆ ಬಿಸಾಡಿ ಒಮ್ಮೆ ಕೈ ತೊಳೆದುಕೊಳ್ಳಿ ಮಾರಾಯ್ರೆ" ಎಂದೆ.

"ಬಿಸಾಡಿದ್ರೆ ಎಲ್ಲಿಗೆ ಹೋಗ್ತದೆ?" ಎಂದು ಅವರು ನನ್ನನ್ನೇ ನೋಡಿದರು. "ಅದೇ ಬಂಡೆಗೆ ಹೋಗ್ತದೆ. ನಾವು ಬಿಸಾಡಿದ್ದೇ ಅಲ್ವಾ ಮಾಷ್ಟ್ರೆ, ಅಲ್ಲಿ ಹೋಗಿ ಸೊಪ್ಪಾದದ್ದು?"

ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ, ಹೂತರೆ ಮಣ್ಣಿನಲ್ಲಿ ಉಳಿಯುತ್ತದೆ. ಕೊನೆಗೆ ಮುಚ್ಚಳ ಇರುವ ಒಂದು ನೀಲಿ ಡ್ರಮ್ಮಿಗೆ ಎಲ್ಲವನ್ನೂ ತುಂಬಿ, ಮನೆಯ ಚಾವಡಿಯ ಮೂಲೆಯಲ್ಲಿಟ್ಟು, ಯಾರೂ ತೆಗೆಯದಂತೆ ಮೇಲೆ ನೀರು ತುಂಬಿದ ಕೊಡ ಇಟ್ಟರು. ತಂಗಿಗೆ ಫೋನು ಮಾಡಿ, ಇನ್ನು ಸೊಪ್ಪು ಕಳಿಸಬೇಡ, ನನಗೆ ಸಾಕಾಗಿದೆ ಎಂದರು. ಅವಳ ಮನೆಯಲ್ಲಿ ತಿನ್ನುವವರಿರಲಿಲ್ಲ. ಸುಮ್ಮನೆ ಹೆದರಿಸುವುದು ಬೇಡವೆಂದು ಕಾರಣ ಹೇಳಲಿಲ್ಲ.

ಮಗಳ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಥದ್ದೇ ಆಗುತ್ತದೆ ಎಂದು ಹೇಳಲು ಬರುವುದಿಲ್ಲ, ಆತಂಕ ಬೇಡ, ಮಗು ಬೆಳೆಯುವಾಗ ಗಮನವಿಡಿ ಎಂದರು. ಆತಂಕವಿಲ್ಲದೆ ಗಮನವಿಡುವುದು ಹೇಗೆಂದು ಅವರು ಹೇಳಿಕೊಡಲಿಲ್ಲ. ಹೆಣ್ಣು ಮಗು ಹುಟ್ಟಿತು. ಚೆನ್ನಾಗಿಯೇ ಇತ್ತು. ನಾವು ಮಾತ್ರ ಅದು ಕಣ್ಣು ಮಿಟುಕಿಸಿದರೂ ನೋಡಿದೆವು, ಮಿಟುಕಿಸದಿದ್ದರೂ ನೋಡಿದೆವು. ನಡೆಯುವ ಹೊತ್ತಿಗೆ ನಡೆಯಿತು. ಮಾತು ಬರುವ ಹೊತ್ತಿಗೆ ಮಾತು ಬರಲಿಲ್ಲ.

ಓರಗೆಯ ಮಕ್ಕಳು ಅಜ್ಜ, ಕಾಗೆ, ಬಸ್ಸು ಎಂದೆಲ್ಲ ವಟಗುಟ್ಟುವಾಗ ಇದು ಬೆರಳು ತೋರಿಸಿ ಸುಮ್ಮನಾಗುತ್ತಿತ್ತು. ಕೆಲವು ಮಕ್ಕಳಿಗೆ ತಡ ಎಂದರು ಡಾಕ್ಟರು. ಇರಬಹುದು. ನನ್ನ ತಮ್ಮನೂ ತಡವಾಗಿಯೇ ಮಾತಾಡಿದವನಂತೆ. ಆದರೆ ನಮ್ಮ ಮನೆಯಲ್ಲಿ ಯಾರಿಗೂ ತಮ್ಮನ ನೆನಪಾಗುತ್ತಿರಲಿಲ್ಲ, ಕಪ್ಪು ಪುಡಿಯದ್ದೇ ನೆನಪು.

ಟೀಚರ್ ಮಗುವಿನ ವಿಷಯವನ್ನು ನನ್ನಲ್ಲಿ ಫೋನಿನಲ್ಲಿ ಕೇಳುತ್ತಿದ್ದರು. ಒಂದು ದಿನ ತಡೆಯಲಾರದೆ, "ಒಮ್ಮೆ ಬಂದು ಮಗುವನ್ನು ನೋಡಬಹುದಾ ಮಾಷ್ಟ್ರೆ?" ಎಂದರು. ಮಗಳಿಗೆ ಹೇಳಿದೆ.

"ಬರಲಿ. ಬಂದು ನೋಡಲಿ" ಎಂದಳು. ಪ್ರೀತಿಯಿಂದ ಹೇಳಿದ್ದಲ್ಲ.

ಹಾಗೆ ಶುರುವಾದದ್ದು ಪ್ರತಿ ಭಾನುವಾರದ ಕ್ರಮವಾಯಿತು. ಒಳಗೆ ಬರುತ್ತಿರಲಿಲ್ಲ, ಅದೇ ಮೆಟ್ಟಿಲಲ್ಲಿ ಕೂರುತ್ತಿದ್ದರು. ಮಗಳು ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಬಾಳೆಹಣ್ಣೋ ದೋಸೆಯೋ, ನಮ್ಮ ಮನೆಯದ್ದೇ ಆಗಬೇಕು, ತಾವೇನೂ ತರುತ್ತಿರಲಿಲ್ಲ. ಒಂದು ಚೂರು ಮುರಿದು ತಮ್ಮ ಬಾಯಿಗೆ ಹಾಕಿ, ಬಿಸಿಯೂಟದ ದಿನಗಳಂತೆ ಕಣ್ಣು ಮುಚ್ಚಿ ಕೂರುವುದು. ಮಗು ಅವರ ಮುಖವನ್ನೇ ನೋಡುತ್ತಾ ಕಾಯುವುದು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, "ಆಯ್ತು! ಈಗ ನಿನಗೆ" ಎನ್ನುವುದು. ಮಗು ಕುಣಿದು ಬಾಯಿ ತೆರೆಯುವುದು. ತಿಂಗಳುಗಟ್ಟಲೆ ಈ ಆಟ ನಡೆಯಿತು. ಒಂದು ಭಾನುವಾರ ಟೀಚರ್ ಕಣ್ಣು ಮುಚ್ಚಿ ಕೂತವರು ತೆರೆಯಲೇ ಇಲ್ಲ, ದಣಿದು ತೂಕಡಿಸಿರಬೇಕು. ಮಗು ಅವರ ಮೊಣಕಾಲು ತಟ್ಟಿ, "ಆಯ್ತಾ?" ಎಂದು ಕೇಳಿತು.

ಬಾಗಿಲ ಹಿಂದಿನಿಂದ ಮಗಳು ಓಡಿಬಂದಳು. ಟೀಚರ್ ಅಳುತ್ತಿದ್ದರು. ಮಗಳು ಮಗುವನ್ನು ಎತ್ತಿಕೊಂಡಳು. ಒಂದು ಲೋಟ ಚಹಾ ತಂದು ಅವರ ಪಕ್ಕದಲ್ಲಿಟ್ಟಳು.

ಆಗಲೇ ಅವರ ಕಾಲು ಬಾಯುತ್ತಿತ್ತು. ಕಿಡ್ನಿ ಸೋಲುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು, ಡಾಕ್ಟರು ಅದನ್ನೇ ಕಾರಣ ಎಂದರು. ಬೇರೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಲು ಪುರಾವೆಯೂ ಇಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಅವರೇ ನನ್ನ ಹತ್ತಿರ, "ಎಲ್ಲರಿಗಿಂತ ಹೆಚ್ಚು ತಿಂದವಳು ನಾನೇ ಮಾಷ್ಟ್ರೆ. ಅದೊಂದು ಸಮಾಧಾನ" ಎಂದರು. ನನಗೆ ಆ ಸಮಾಧಾನ ಇವತ್ತಿಗೂ ಆಗಿಲ್ಲ. ಬೇಸಗೆ ಮುಗಿಯುವ ಮೊದಲೇ ತೀರಿಹೋದರು.

ಕಳೆದ ಆಟಿ ತಿಂಗಳಲ್ಲಿ ಟೀಚರಿಗೆ ಬಡಿಸುವುದಿದೆ ಎಂದು ಅವರ ತಂಗಿ ಕರೆದಳು. ಆ ತಿಂಗಳಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಅವರು ಉಣ್ಣುವಷ್ಟು ಹೊತ್ತು ನಾವು ಹೊರಗೆ ಕಾಯಬೇಕು. ಆಮೇಲೆ ಆ ಎಲೆಯದ್ದೇ ಸ್ವಲ್ಪ ಸ್ವಲ್ಪ ತೆಗೆದು ನಮಗೆ ಕೊಡುತ್ತಾರೆ. ಮಗಳು ಬರುವುದಿಲ್ಲವೆಂದೇ ಎಣಿಸಿದ್ದೆ. ಮಗುವಿಗೆ ಹೊಸ ಅಂಗಿ ಹಾಕಿಸಿಕೊಂಡು ನನಗಿಂತ ಮೊದಲೇ ಹೊರಟು ನಿಂತಿದ್ದಳು. ಈಗ ಮಗು ಮಾತಾಡುತ್ತದೆ. ಓರಗೆಯವರಿಗಿಂತ ನಾಲ್ಕು ಮಾತು ಕಡಿಮೆ. ಅದು ಅದರ ಸ್ವಭಾವವೋ ಮತ್ತೇನೋ, ನಮಗೆ ಯಾವತ್ತೂ ತಿಳಿಯುವುದಿಲ್ಲ.

ಟೀಚರ ಮನೆಯ ಚಾವಡಿಯಲ್ಲಿ ನೀಲಿ ಡ್ರಮ್ಮು ಹಾಗೆಯೇ ಇತ್ತು, ಮೇಲೆ ನೀರಿನ ಕೊಡ. ಒಳಗೆ ಬಡಿಸಿ ಬಾಗಿಲು ಹಾಕಿ ನಾವೆಲ್ಲ ಚಾವಡಿಯಲ್ಲಿ ಸುಮ್ಮನೆ ನಿಂತೆವು. ಮಗು ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಜೋರಾಗಿ, "ಟೀಚರಜ್ಜಿ, ಆಯ್ತಾ?" ಎಂದು ಕೇಳಿತು.

ತಂಗಿ ಕಣ್ಣೊರೆಸಿಕೊಂಡು ಬಾಗಿಲು ತೆರೆದಳು. "ಆಯ್ತು ಮಗಾ. ಅವರು ತಿಂದು ಆಯ್ತು. ಈಗ ನಿನಗೆ" ಎಂದು ಎಲೆಯಿಂದ ಮೊದಲ ತುತ್ತನ್ನು ತೆಗೆದು ಮಗುವಿನ ಅಂಗೈಗೆ ಹಾಕಿದಳು. ಕಪ್ಪು ಚಟ್ನಿ. ಆ ಪರಿಮಳ ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. 

ಮಗಳು ಮಗುವಿನ ಮಣಿಕಟ್ಟು ಹಿಡಿದಳು. "ಇದು ಎಲ್ಲಿಯದ್ದು?"

"ಅದೇ ಬಂಡೆಯದ್ದು" ಎಂದಳು ತಂಗಿ, ಪಾಪ, ಸಂತೋಷದಿಂದಲೇ. "ಬೇಸಗೆಯಲ್ಲಿ ಒಣಗಿಸಿ ಇಟ್ಟಿದ್ದೆ. ಅಕ್ಕನಿಗೆ ಜೀವ ಅಲ್ವಾ? ಕೊನೆಗೆ ಎಂತಕೋ ಸಾಕು ಅಂದುಬಿಟ್ಳು."

ಮಗು ಕೈ ಎಳೆದುಕೊಳ್ಳಲು ನೋಡಿತು. "ಟೀಚರಜ್ಜಿ ತಿಂದ್ರಲ್ಲ ಅಮ್ಮ!"

"ಹೌದು ಮಗಾ" ಎಂದಳು ನನ್ನ ಮಗಳು. "ಟೀಚರ್ ತಿಂದ್ರು. ಟೀಚರ್ ತಿಂದದ್ದು ಸಾಕು."

ಮಗುವಿನ ಅಂಗೈಯನ್ನು ತನ್ನ ಸೆರಗಿನಿಂದ ಚೆನ್ನಾಗಿ ಒರೆಸಿ, ಎಲೆಯಲ್ಲಿ ಉಳಿದಿದ್ದ ಚಟ್ನಿಯನ್ನೂ ಬಳಿದು ತೆಗೆದಳು. ಆಮೇಲೆ ಅದನ್ನೂ ಒಳಗೆ ಹಾಕಲು ಕೊಡ ಇಳಿಸಿ ಡ್ರಮ್ಮಿನ ಮುಚ್ಚಳ ತೆಗೆಯಲು ಹೋದಳು. ಅದು ಬಹಳ ಬಿಗಿಯಾಗಿತ್ತು, ನಾನೂ ಒಂದು ಕೈ ಹಾಕಿದೆ.